ಹಿಮ್ಮಡಿಯ ಗಂಟು

ಯುದ್ಧಕ್ಕೆ ಹೋದ ಹುಡುಗರಿಗಾಗಿ ಅಮೆರಿಕದ ಆ ಪುಟ್ಟ ಊರಿನ ಹೆಂಗಸರೆಲ್ಲ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದರು. ಪ್ರತಿ ಶುಕ್ರವಾರ ಚರ್ಚಿನಲ್ಲಿ ಅವನ್ನು ಕೈಯಾಡಿಸಿ ಪರೀಕ್ಷಿಸುವ ಕೆಲಸ ಕೊರಾಳದು, ಪೆಟ್ಟಿಗೆಗೆ ತುಂಬುವ ಕೆಲಸ ಎಡ್ನಾಳದು. ಹಿಮ್ಮಡಿಯಲ್ಲಿ ಒಂದೇ ಒಂದು ಗಂಟು ಉಳಿದರೂ ಸಾಕು, ಮೈಲಿಗಟ್ಟಲೆ ನಡೆಯುವ ಸಿಪಾಯಿಯ ಕಾಲಲ್ಲಿ ಗುಳ್ಳೆ ಏಳುತ್ತದೆ. ಎಡ್ನಾ ಹೆಣೆದದ್ದರಲ್ಲಿ ಗಂಟಿಗೇನೂ ಬರವಿರಲಿಲ್ಲ. ಹೇಳಿದರೆ ನೊಂದುಕೊಂಡಾಳೆಂದು ಕೊರಾ ಅವನ್ನು ಗುಟ್ಟಾಗಿ ಮನೆಗೊಯ್ದು, ಬಿಚ್ಚಿ, ಹೊಸದಾಗಿ ಹೆಣೆದು ತರುತ್ತಿದ್ದಳು. ತನ್ನ ಈ ದೊಡ್ಡ ಮನಸ್ಸಿಗೆ ಆಗಾಗ ತಾನೇ ಬೆರಗಾಗುತ್ತಿದ್ದಳು ಕೂಡ.

ಒಂದು ಶುಕ್ರವಾರ ಎಡ್ನಾ ಚರ್ಚಿನಲ್ಲಿ ಕನ್ನಡಕ ಮರೆತು ಬಿಟ್ಟುಹೋದಳು. ಕೊಟ್ಟು ಬರೋಣವೆಂದು ಕೊರಾ ಹೋದರೆ, ಬಾಗಿಲು ತೆರೆದದ್ದು ಎಡ್ನಾಳ ಅತ್ತೆ. ಹೋದ ತಿಂಗಳಷ್ಟೇ ಹಳ್ಳಿಯಿಂದ ಬಂದ ಮುದುಕಿ, ಕೊರಾಳ ಮುಖ ಕಂಡವಳಲ್ಲ. ಕೈಯಲ್ಲಿ ಅರ್ಧ ಬಿಚ್ಚಿದ ಕಾಲುಚೀಲವಿತ್ತು.

“ಸೊಸೆ ಅಂಗಡಿಗೆ ಹೋಗಿದಾಳೆ. ಬಾಮ್ಮ, ಬಂದವಳು ಸ್ವಲ್ಪ ಈ ಉಣ್ಣೆ ಹಿಡ್ಕೊ.”

ಕೊರಾ ಎರಡೂ ಕೈ ಚಾಚಿದಳು. ನಗು ತಡೆದುಕೊಂಡು ಕೇಳಿದಳು: “ತಪ್ಪು ಅವಳಿಗೇ ಗೊತ್ತಾಯ್ತಾ ಅಜ್ಜಿ?”

“ಅಯ್ಯೋ, ಇದು ಅವಳದಲ್ಲ. ಯಾರೋ ಕೊರಾ ಅಂತೆ, ಹಿಮ್ಮಡಿ ತುಂಬ ಗಂಟು. ಹೇಳಿದ್ರೆ ನೊಂದ್ಕೋತಾಳೆ ಅಂತ ಇವಳೇ ವಾರವಾರ ತಂದು, ಬಿಚ್ಚಿ, ಹೊಸದಾಗಿ ಹೆಣೀತಾಳೆ. ಇದರಲ್ಲೇ ಹೊತ್ತೆಲ್ಲ ಹೋಗಿ, ತನ್ನದನ್ನ ಅವಸರದಲ್ಲಿ ಹೇಗೋ ಮುಗಿಸ್ತಾಳೆ, ಪಾಪ.”