ಹೊನ್ನುಗ್ಗಿಯ ಎಣ್ಣೆ

ಭಾಗ್ಯಜ್ಯೋತಿ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಮಾವ ಬಸಂತರಾಯರು ಒಂದು ಕೈಯಲ್ಲಿ ಎಣ್ಣೆಯ ಡಬ್ಬಿ, ಇನ್ನೊಂದರಲ್ಲಿ ಬಿದಿರಿನ ಗೊಟ್ಟ ಹಿಡಿದು ಎದುರಿಗೆ ಬಂದಿದ್ದರು. ಸೊಂಟ ಬಗ್ಗಿಸಿ ಕಾರಿನ ಕೆಳಗೆ ನೋಡಿದರು. ನೆಲಕ್ಕೆ ಹಾಸಿದ ಪರಸಿಗಲ್ಲಿನ ಮೇಲೆ ಆಗಲೇ ಒಂದು ಕಪ್ಪು ಹನಿ ಬಿದ್ದು, ಅದರ ಬೆನ್ನಿಗೆ ಇನ್ನೊಂದು ತೂಗುತ್ತಿತ್ತು.

“ನಿಶ್ಶಕ್ತಿ ಆಗೇತಿ ಇದಕ,” ಅಂದರು. “ಇನ್ನೊಂದ್ ಗೊಟ್ಟ ಹಾಕ್ತೇನಿ. ಬಾನೆಟ್ ಎತ್ತು.”

“ಎಂಜಿನ್ ಬೆಂಕಿ ಆಗೇತ್ರಿ ಮಾವಾರ. ಆರ್ಲಿ.”

ಅದು ಆರುವುದರೊಳಗೆ ಒಂದು ಮಾತನ್ನು ಹೇಗೆ ಹೇಳುವುದೆಂದು ಅವಳು ಹುಡುಕಬೇಕಿತ್ತು. ಸಿಂದಗಿಯಿಂದ ತಮ್ಮೂರು ತಾಂಬಾದವರೆಗೆ ದಾರಿಯುದ್ದಕ್ಕೂ ಹುಡುಕಿಕೊಂಡೇ ಬಂದಿದ್ದಳು, ಸಿಕ್ಕಿರಲಿಲ್ಲ.

ಕಾರಹುಣ್ಣಿಮೆಯ ಹಿಂದಿನ ದಿನ ಹೊನ್ನುಗ್ಗಿ. ಅವತ್ತು ಎತ್ತಿನ ಮೈ ತೊಳೆದು, ಗೊಟ್ಟದ ತುಂಬ ಅರಿಷಿಣದೆಣ್ಣೆ ಹೊಯ್ದು ಗಂಟಲಿಗಿಳಿಸಿದರೆ ವರ್ಷವೊಪ್ಪತ್ತು ಬೇನೆ ಹತ್ತಿರ ಸುಳಿಯದು. ಬಸಂತರಾಯರ ಮೇವಿನ ಗ್ವಾದಲಿಯ ಮುಂದೆ ಈಗ ಎತ್ತುಗಳಿಲ್ಲ. ತೀರಿಹೋದ ಮಗ ಸಂಜೀವಕುಮಾರನ ಹಳೆಯ ಕಾರು ನಿಲ್ಲುತ್ತದೆ. ಅದನ್ನು ಓಡಿಸಿಕೊಂಡು ಸೊಸೆ ಸಿಂದಗಿಯಾಚೆಯ ಹಳ್ಳಿಯ ಶಾಲೆಗೆ ಪಾಠ ಹೇಳಲು ಹೋಗಿ ಬರುತ್ತಾಳೆ. ಆ ಹಳ್ಳಿಗೆ ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಕಾರಿನ ಮೈ ತಿಕ್ಕುವುದು, ಗಾಲಿಗೆ ನಿಂಬೆಹಣ್ಣು ಇಡುವುದು ಮುದುಕರ ಪಾಲಿನ ಕೆಲಸ. ಈ ಸಲ ಹೊನ್ನುಗ್ಗಿಗೆ ಅವರು ಇಂಡಿಗೆ ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಮೇಲಿನ ಸಿಂಥೆಟಿಕ್ ಎಣ್ಣೆ ತಂದರು. ಮಗ ವರ್ಷಗಟ್ಟಲೆ ಹಾಕಿಸುತ್ತಿದ್ದ ಸಾದಾ ಎಣ್ಣೆಯನ್ನು ಬಸಿದು ಚೆಲ್ಲಿಸಿ, ಜೇನಿನ ಬಣ್ಣದ ಹೊಸದನ್ನು ಗೊಟ್ಟದಿಂದಲೇ ಕುಡಿಸಿದರು. ಹಣೆಗೆ ವಿಭೂತಿ ಬಳಿದರು. ಕೆಲವು ದಿನ ಕಾರು ಹರೆಯದ ಹೋರಿಯ ಹಾಗೆ ಓಡಿತು. ಆಮೇಲೆ ಸೋರತೊಡಗಿತು. ಸೋರಿದಷ್ಟೂ ಅವರು ಕುಡಿಸುತ್ತ ಬಂದರು.

ಮಧ್ಯಾಹ್ನ ಸಿಂದಗಿಯಲ್ಲಿ ಮೆಕ್ಯಾನಿಕ್ ಚಾಂದಸಾಬ ಕಾರಿನ ಕೆಳಗಿಂದ ತೆವಳಿ ಬಂದು ನಕ್ಕಿದ್ದ.

“ಅಕ್ಕಾರ, ಇದಕ ಜಳಕಾ ಮಾಡಿಸಿದವ್ರು ಯಾರ್ರೀ?”

“ಮನ್ಯಾಗಿನವ್ರು.”

“ಭಾಳ ಅಕ್ಕರತಿ, ಮಾಯಾ ಮಾಡ್ಯಾರ. ಒಳಗ ಎಣ್ಣಿ ತಡಿಯೋ ರಬ್ಬರ್ ಸೀಲು ಎಂದೋ ಸವದಾವ್ರಿ. ಇಷ್ಟ್ ವರ್ಷದ ಜಿಡ್ಡು ಕುಂತು ಸಂದಿ ಮುಚ್ಚಿತ್ತು. ಈ ಎಣ್ಣಿ ತಿಳಿ. ಜಿಡ್ಡೆಲ್ಲಾ ತೊಳದ್ ಹಾಕೇತಿ. ಎಣ್ಣಿದೇನ್ ತಪ್ಪಿಲ್ಲ ಬಿಡ್ರಿ, ಚಲೋನ ಐತಿ. ಮೊದಲಿದ್ದ ತೂತು ಈಗ ಕಾಣಾಕತ್ತೈತಿ, ಅಷ್ಟ.”

“ಮತ್ತ ಮೊದಲಿನ ಎಣ್ಣಿನ ಹಾಕಿದ್ರ?”

“ಹೋದ ಜಿಡ್ಡು ತಿರುಗಿ ಬರ್ತೈತೇನ್ರಿ? ಎಂಜಿನ್ ಇಳಿಸಿ ಸೀಲ್ ಬದಲ ಮಾಡ್ಬೇಕು. ಒಂದ್ ವಾರ ಇಲ್ಲೇ ಬಿಡ್ರಿ. ಹಂಗ ಓಡಿಸಿದ್ರ ಒಂದಿನ ಎಣ್ಣಿ ಪೂರ್ತಿ ಬತ್ತಿ ನಡುದಾರ್ಯಾಗ ನಿಲ್ತೈತಿ.”

ಸಣ್ಣವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತಿತ್ತು. ಈ ಕಾರಿನ ಜೀವ ಅದರ ಹೊಲಸಿನೊಳಗೆ ಇತ್ತು ಎಂದರೆ ಯಾವ ಅಜ್ಜಿ ನಂಬಿಯಾಳು?

“ಆರಿತೇನು?” ಬಸಂತರಾಯರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದರು. “ಚಾಂದಸಾಬ ಏನಂದ?”

“ವಯಸ್ಸಾಗೇತಿ ಅಂದ್ರಿ.”

“ವಯಸ್ಸಾದ ಎತ್ತಿಗೇ ಗೊಟ್ಟ ಬೇಕವ್ವಾ. ಹರೇದ್ದಕ್ಕ ಯಾಕ ಬೇಕು?” ಎನ್ನುತ್ತ ಡಬ್ಬಿಯ ಮುಚ್ಚಳ ತಿರುವಿದರು.

ಅವಳು ಅವರ ಮಣಿಕಟ್ಟು ಹಿಡಿದಳು. “ಬ್ಯಾಡ್ರಿ ಮಾವಾರ. ಒಳಗಿನ ಜಿಡ್ಡ ಸೋರೂದನ್ನ ತಡದು ನಿಲ್ಲಿಸಿತ್ತಂತ. ಈ ಎಣ್ಣಿ ಅದನ್ನ ತೊಳದೈತಂತ.”

ಮುದುಕರು ಡಬ್ಬಿಯನ್ನು ನೋಡಿದರು, ನೆಲದ ಹನಿಯನ್ನು ನೋಡಿದರು. ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುವಿ, ಗ್ವಾದಲಿಗೆ ಬೆನ್ನು ಕೊಟ್ಟು ಮೆಲ್ಲಗೆ ನೆಲಕ್ಕೆ ಕುಳಿತರು.

“ಹಂಗಾರ ನಾನ ಕೆಡಿಸಿದ್ನಿ.”

“ನಿಮ್ದೇನ್ ತಪ್ಪಿಲ್ರಿ. ಸೀಲು ಮೊದಲ ಸವದಿದ್ದುವಂತ. ಬದಲ ಮಾಡಾಕ ಒಂದ್ ವಾರ ಅಲ್ಲೇ ಬಿಡ್ಬೇಕಂತ.”

“ಅಂವ ಹೇಳ್ತಿದ್ದ. ಅಪ್ಪಾ, ಇದಕ ಅದ ಎಣ್ಣಿ ಹಿಡಸೇತಿ, ಸುಮ್ನಿರು ಅಂತಿದ್ದ. ನಾ ಅವಗ ಜಿಪುಣ ಅಂತ ಬೈತಿದ್ನಿ.” ಮುಖವನ್ನು ಟಾವೆಲ್ಲಿನಿಂದ ಒರೆಸಿಕೊಂಡರು. “ನಾಳಿ ಬಿಟ್ಟ ಬಾ ಗಾಡಿ. ನೀನೂ ಒಂದ್ ವಾರ ರಜಾ ಹಾಕು. ಅಂವಗ ಮಣ್ಣ ಕೊಟ್ಟ ವಾರಕ್ಕ ಸಾಲಿಗಿ ನಡದಿ. ನೀ ಕುಂತ್ ಅತ್ತಿದ್ದು ನಾ ಇವತ್ತಿನ ಮಟಾ ನೋಡಿಲ್ಲ.”

“ಸಾಲ್ಯಾಗ ಪರೀಕ್ಷಾ ಅದಾವ್ರಿ.”

“ಆಷಾಢದಾಗ ಯಾವ ಪರೀಕ್ಷಾನ ಯವ್ವಾ?”

ಭಾಗ್ಯಜ್ಯೋತಿ ಹೆಗಲಿನಿಂದ ಜಾರುತ್ತಿದ್ದ ಚೀಲವನ್ನು ಮೇಲೆಳೆದುಕೊಂಡಳು. ಬೆಳಿಗ್ಗೆ ಏಳುವುದು, ರೊಟ್ಟಿ ಬಡಿಯುವುದು, ಓಡಿಸುವುದು, ಪಾಠ, ಮತ್ತೆ ಓಡಿಸುವುದು, ಮತ್ತೆ ರೊಟ್ಟಿ. ಒಂದರ ಮೇಲೊಂದು ಕೂತು ಗಟ್ಟಿಯಾದ ದಿನಗಳು. ಅದರಡಿ ಏನಿದೆ ಎಂದು ಅವಳು ಕೆದಕಿ ನೋಡಿರಲಿಲ್ಲ.

“ಕುಂತ್ರ ಏಳಾಕ ಆಗೂದಿಲ್ರಿ ಮಾವಾರ,” ಎಂದಳು.

ಬಸಂತರಾಯರು ಮಂಡಿಗೆ ಒಂದು ಕೈ ಊರಿ, ಏಳಲೆಂದು ಇನ್ನೊಂದನ್ನು ಅವಳ ಕಡೆ ಚಾಚಿದರು. ಎಬ್ಬಿಸಲೆಂದು ಆ ಕೈ ಹಿಡಿದ ಭಾಗ್ಯಜ್ಯೋತಿ, ಹೆಗಲ ಚೀಲವನ್ನೂ ಇಳಿಸದೆ, ಅವರ ಪಕ್ಕ ನೆಲದ ಮೇಲೆಯೇ ಕುಳಿತುಬಿಟ್ಟಳು.