ಕೋಲಾರದ ಮೇಡಂ, ಪೋಲಾರ್ ನೀರು

ಓದುವಾಗ ಬಾಯಲ್ಲಿ ಚಹಾ ಇಟ್ಟುಕೊಳ್ಳಬೇಡಿ... ಆಮೇಲೆ ಫೋನ್ ಒರೆಸುವ ಕೆಲಸ ನಿಮ್ಮದೇ.

ಗದಗಿನ ಒಂದು ಕಾಲೇಜು. ಬಿ.ಎಸ್ಸಿ. ಮೊದಲ ವರ್ಷದ ಕ್ಲಾಸು.

ಅಲ್ಲಿ ಬಸಲಿಂಗ ಅಂತ ಒಬ್ಬ ವಿದ್ಯಾರ್ಥಿ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಕೂಗು, ಹೊಲಿಗೆ ಮಷೀನಿನ ಸದ್ದು... ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಆ ವರ್ಷ ಕೆಮಿಸ್ಟ್ರಿ ಕಲಿಸಲು ಕೋಲಾರದಿಂದ ಅಮರಾವತಿ ಮೇಡಂ ಬಂದರು. ಕೆಮಿಸ್ಟ್ರಿ ಅಂದರೆ ನಿದ್ದೆಯ ಪೀರಿಯಡ್ ಎಂದುಕೊಂಡಿದ್ದ ಬಸಲಿಂಗನೂ ಅವರ ಪಾಠಕ್ಕೆ ಮುಂದಿನ ಬೆಂಚಿಗೆ ಬಂದ.

ಆದರೆ ಮೇಡಂ ಬಾಯಿ ತೆರೆದರೆ ಕೋಲಾರವೇ ಕೇಳುತ್ತಿತ್ತು... ಗದಗಿನ ಕಿವಿಗಳಿಗೆ ಅದು ಹೊಸದು.

"ನೀರು ಪೋಲಾರು ಕಣ್ರಪ್ಪಾ" ಎಂದರು ಒಂದು ದಿನ.

ನೀರಿನ ಕಣಕ್ಕೆ ಒಂದು ತುದಿ ಪ್ಲಸ್, ಇನ್ನೊಂದು ಮೈನಸ್. ಹಾಗಾಗಿ ಕಣಗಳು ಕೈಕೈ ಹಿಡಿದು ನಿಲ್ಲುತ್ತವೆ. ಸ್ಪಿರಿಟ್ಟಿಗೂ, ಅಂದರೆ ಆಲ್ಕೋಹಾಲಿಗೂ, ಅಂಥ ಕೈ ಉಂಟು; ಅದು ಬಂದರೆ ನೀರಿನ ಕಣಗಳು ಸೇರಿಸಿಕೊಳ್ಳುತ್ತವೆ. ಸೀಮೆಎಣ್ಣೆ ನಾನ್-ಪೋಲಾರ್... ಹಿಡಿಯಲು ಕೈಯೇ ಇಲ್ಲ, ಮೇಲೆ ತೇಲಿಕೊಂಡಿರುತ್ತದೆ ಎಂದು ವಿವರಿಸಿದರು.

ಮೇಡಂ ಹೊರಗೆ ಹೋದದ್ದೇ ತಡ, ಬಸಲಿಂಗ ಡೆಸ್ಕ್ ಹತ್ತಿದ. ಥೇಟ್ ಅವರದೇ ದನಿ...

"ನೀರು ಪೋಲಾರು ಕಣ್ರಪ್ಪಾ, ಪೋಲು ಮಾಡ್ಬೇಡಿ... ನಾನು ಕೋಲಾರು ಕಣ್ರಪ್ಪಾ, ನೀವೆಲ್ಲ ಪೋಲಿಗಳು."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮರೆತ ಡಸ್ಟರಿಗೆಂದು ವಾಪಸ್ ಬಂದ ಮೇಡಂ ಬಾಗಿಲಲ್ಲೇ ನಿಂತಿದ್ದರು...

ಅವರು ಬಯ್ಯಲಿಲ್ಲ. ಮರುದಿನದಿಂದ ಮಾತೂ ಆಡಲಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಹೊರಟುಬಿಡುತ್ತಿದ್ದರು.

ಕೊನೆಗೆ ಲ್ಯಾಬ್ ಅಟೆಂಡರ್ ನೀಲವ್ವ ಬಸಲಿಂಗನನ್ನು ಕಾರಿಡಾರಿನಲ್ಲಿ ತಡೆದಳು.

"ನಿನ್ನ ಸಲುವಾಗಿ ಮೇಡಮ್ಮಾರು ಈ ಕ್ಲಾಸ್ ನನಗ ಬ್ಯಾಡ ಅಂತ ಪ್ರಿನ್ಸಿಪಾಲರ ಮುಂದ ಹೇಳ್ಯಾರ. ಸಮಾಧಾನ ಆತೇನಪಾ?"

ಬಸಲಿಂಗನಿಗೆ ಜೀವನದಲ್ಲಿ ಮೊದಲ ಸಲ ತಲೆಗೆ ಹತ್ತಿದ ಪಾಠವದು... ಅದನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತಿದ್ದ.

ಕ್ಷಮೆ ಕೇಳಲು ಸ್ಟಾಫ್ ರೂಮಿನ ಬಾಗಿಲವರೆಗೆ ಹೋದ. ಊರಿನವರ ದನಿಯೆಲ್ಲ ಬರುವ ಗಂಟಲಿಗೆ ತನ್ನದೇ ದನಿ ಬರಲಿಲ್ಲ. ಹಾಗೇ ವಾಪಸ್ಸಾದ.

ಮುಂದಿನ ವಾರ ಪ್ರಾಕ್ಟಿಕಲ್. ಮೇಡಂ ಮಾತಿಲ್ಲದೆ ಬೋರ್ಡಿನ ಮೇಲೆ ಬರೆದರು: ಐವತ್ತು ಎಂ.ಎಲ್. ನೀರು, ಐವತ್ತು ಎಂ.ಎಲ್. ಸ್ಪಿರಿಟ್. ದೊಡ್ಡ ಅಳತೆ ಜಾರ್‌ಗೆ ಬಸಲಿಂಗ ಸುರಿಯಲಿ.

ಅವನು ಉಸಿರು ಬಿಗಿಹಿಡಿದು ಸುರಿದ. ಒಂದು ಹನಿಯೂ ಚೆಲ್ಲಲಿಲ್ಲ. ಎಷ್ಟಾಯಿತು ನೋಡು ಎಂದು ಮೇಡಂ ಕೈಸನ್ನೆ ಮಾಡಿದರು.

ಬಗ್ಗಿ ನೋಡಿದ. ನೂರಿರಬೇಕಿತ್ತು... ತೊಂಬತ್ತೇಳರ ಹತ್ತಿರವೇ ನಿಂತಿತ್ತು.

ಆಗ ಮೇಡಂ ಸೊಂಟಕ್ಕೆ ಕೈಯಿಟ್ಟು ಬಾಯಿ ತೆರೆದರು. ಹೊರಬಂದದ್ದು ಅಪ್ಪಟ ಗದಗ...

"ಯಾಕಲೇ ಬಸ್ಯಾ, ಉಳದದ್ದು ಎಲ್ಲಿ ಹೋತು? ಕುಡದಿಯೇನು? ಬಾಯಿ ತಗಿ, ವಾಸನಿ ನೋಡೂಣು."

ಹೆದರಿಕೆಯಲ್ಲಿ ಬಸಲಿಂಗನ ಗಂಟಲು ಕೈಗೆ ಸಿಕ್ಕ ದನಿಯನ್ನೇ ಎತ್ತಿಕೊಂಡಿತು... ತಿಂಗಳಿಡೀ ತಾಲೀಮು ಮಾಡಿದ್ದ ಕೋಲಾರದ್ದು.

"ನಾನು ಕುಡ್ದಿಲ್ಲ ಕಣಮ್ಮಾ... ನಮ್ಮಮ್ಮನಾಣೆ. ನಿಮ್ಮನ್ನ ಆಡ್ಕಂಡಿದ್ದು ಮಾತ್ರ ನಿಜ. ತಪ್ಪಾಯ್ತು... ಅದಕ್ಕೆ ಕ್ಲಾಸು ಬಿಟ್ಟು ಹೋಗ್ಬೇಡಿ ಮೇಡಂ."

ಗದಗಿನ ಹುಡುಗನ ಬಾಯಲ್ಲಿ ಕೋಲಾರ, ಕೋಲಾರದ ಮೇಡಂ ಬಾಯಲ್ಲಿ ಗದಗ... ಇಬ್ಬರ ಕಣ್ಣಲ್ಲೂ ನೀರು.

"ಯಾರೂ ಕುಡ್ದಿಲ್ಲ ಕಣಪ್ಪಾ" ಎಂದರು ಮೇಡಂ, ತಮ್ಮದೇ ಮಾತಿಗೆ ಮರಳಿ. "ಕೈಗೆ ಕೈ ಸಿಕ್ಕಿದ್ ಮೇಲೆ ನೀರೂ ಸ್ಪಿರಿಟ್ಟೂ ಒತ್ಕಂಡು ಕುಂತ್ಕತವೆ. ಇಬ್ರಿಗೂ ಸೇರಿ ಜಾಗ ಕಮ್ಮಿನೇ ಸಾಕಾಯ್ತದೆ."

ಸ್ಟಾಫ್ ರೂಮಿನ ಬಾಗಿಲಿಗೆ ಬಂದು ವಾಪಸ್ಸಾದ ಹುಡುಗನನ್ನು ಅವರು ಕಂಡಿದ್ದರು. ಅವನಿಗೆ ಬರಲಾಗದಿದ್ದರೆ ತಾನೇ ಅತ್ತ ಒಂಚೂರು ಜರುಗೋಣ ಎಂದುಕೊಂಡು, ನೀಲವ್ವನನ್ನು ಹಿಡಿದು ಆ ಗದಗಿನ ಬೈಗುಳವನ್ನು ಬಾಯಿಪಾಠ ಮಾಡಿದ್ದರಂತೆ.

"ನಾಳೆ ಕ್ಲಾಸಿಗೆ ನಾನೇ ಬರ್ತೀನಿ" ಎಂದರು. "ಆದ್ರೆ ನೀನು ಕೋಲಾರದ ಮಾತು ಇನ್ನೂ ನೆಟ್ಟಗೆ ಕಲ್ತಿಲ್ಲ ಕಣೋ. ನಮ್ಮ ಕಡೆ ಯಾರೂ ಇಷ್ಟು ಬೇಗ ತಪ್ಪು ಒಪ್ಕಳಲ್ಲ."

ನಗು ಮೊದಲು ನೀಲವ್ವನಿಂದ ಹೊರಟಿತು, ಬೆಂಚಿನಿಂದ ಬೆಂಚಿಗೆ ಹಬ್ಬಿತು...

ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಳ್ಳುತ್ತ ನಕ್ಕವನು ಬಸಲಿಂಗ.

ಬೆರೆಯಬೇಕೆಂದರೆ ಇಬ್ಬರೂ ಒಂದಿಷ್ಟು ಜರುಗಬೇಕು.

ನಿಮ್ಮ ನಡುವೆ ಬೇರೆ ಊರಿನವರೊಬ್ಬರು ಇದ್ದಾರಲ್ಲ... ಅವರ ಮಾತಿಗೆ ನೀವು ಬರೀ ನಕ್ಕಿದ್ದೀರಾ, ಒಂದೆರಡು ಕಲಿತೂ ಇದ್ದೀರಾ?