ಖಾಲಿ ಕುರ್ಚಿ

"ಇಲ್ಲಿ ಕೂರೋ ಹಾಗಿಲ್ಲ ಯಜಮಾನ್ರೇ, ಕಂಪ್ಲೇಂಟ್ ಬಂದಿದೆ," ಎಂದ ಬಡಾವಣೆಯ ಕಾವಲುಗಾರ, ಬೈಕಿನಿಂದ ಇಳಿಯದೆಯೇ.

ಮುದುಕ ಬಿಸಿಲಿಗೆಂದು ತಲೆಗೆ ಹೊದ್ದಿದ್ದ ಟವಲಿನ ತುದಿಯಿಂದಲೇ ಪಕ್ಕದ ಖಾಲಿ ಕುರ್ಚಿಯನ್ನು ಒರೆಸಿ, "ಬನ್ನಿ, ಎರಡು ನಿಮಿಷ ಕೂತು ಹೋಗಿ," ಎಂದ. ಪೇಟೆಯ ಗಲ್ಲಿಯಲ್ಲಿ ಕ್ಷೌರದಂಗಡಿ ನಡೆಸಿದ ನಲವತ್ತು ವರ್ಷವೂ ಅವನು ಬೀದಿಗೆ ಎರಡು ಕುರ್ಚಿ ಹಾಕುತ್ತಿದ್ದ. ತಲೆಯಲ್ಲಿ ಒಂದು ಕೂದಲೂ ಇಲ್ಲದವರು ಕೂಡ ಬಂದು ಕೂತು ಗಂಟೆಗಟ್ಟಲೆ ಹರಟುತ್ತಿದ್ದರು. ಅವನಿಗೆ ಮಾತ್ರ ಕೂರಲು ಪುರುಸೊತ್ತಿರಲಿಲ್ಲ. ಊರಾಚೆಯ ಮಗಳ ಮನೆಗೆ ಬಂದ ಮೇಲೆ ಗೇಟಿನ ಹೊರಗೆ ಕುರ್ಚಿ ಹಾಕಿದ್ದು ಇದೇ ಮೊದಲು. ಒಂದು ಗಂಟೆಯಿಂದ ಕಾರುಗಳಷ್ಟೇ ಹೋಗುತ್ತಿದ್ದವು, ಗಾಜು ಏರಿಸಿಕೊಂಡು.

"ಯಾರಪ್ಪಾ ಕಂಪ್ಲೇಂಟ್ ಕೊಟ್ಟಿದ್ದು? ನಾನು ಯಾರ ತಂಟೆಗೆ ಹೋದೆ?"

ಕಾವಲುಗಾರ ಮೊಬೈಲ್ ಚಾಚಿದ. ಗೇಟಿನ ಕಂಬದ ಕ್ಯಾಮೆರಾ ಹಿಂದಿನಿಂದ ತೆಗೆದ ಚಿತ್ರ: ಒಂದು ಬಾಗಿದ ಬೆನ್ನು, ತಲೆಯ ಮೇಲೊಂದು ಟವಲು. ಕೆಳಗೆ, ಆಫೀಸಿನಿಂದ ಮಗಳು ಬರೆದ ಸಾಲು: 'ನಮ್ಮ ಗೇಟಿನ ಮುಂದೆ ಯಾರೋ ಕೂತಿದ್ದಾನೆ. ಒಳಗೆ ಅಪ್ಪ ಒಬ್ಬರೇ ಇದ್ದಾರೆ. ಬೇಗ ಎಬ್ಬಿಸಿ ಕಳಿಸಿ.'

ಅವನು ಅದನ್ನು ಎರಡು ಸಲ ಓದಿದ. ಮೊದಲು ಖಾಲಿ ಕುರ್ಚಿಯನ್ನು ಮಡಚಿದ, ಆಮೇಲೆ ತನ್ನದನ್ನು.

"ಮೇಡಂಗೆ ಏನಂತ ಹೇಳ್ಲಿ?"

"ಯಾರೋ ದಾರಿಹೋಕ, ಎದ್ದು ಹೋದ ಅಂತ ಹೇಳಪ್ಪಾ," ಎಂದ ಅವನು, ಗೇಟಿನ ಚಿಲಕ ತೆಗೆಯುತ್ತ. "ಅವರಪ್ಪ ಒಳಗೇ ಇದ್ದಾರೆ ಅನ್ನು."